ಇಂದಿನ ಧಮ್ಮ ಚಿಂತನೆ: ಜೈಲಿನೊಳಗೆ ಬೆಳೆದ ಮೈತ್ರಿ





ಇಂದಿನ ವಿಷಯ ಮೈತ್ರಿ. ಅಂಗವಿಕಲರಿಗಾಗಿ ನಾಯಿಗಳನ್ನು ಪಳಗಿಸುವ ಕೆಲವು ಮಹಿಳಾ ಕೈದಿಗಳ ಮೂಲಕ ಅದನ್ನು ನೋಡೋಣ.

ನಾಯಿಯ ಮಾತು ಬಂದರೆ ನಮ್ಮಲ್ಲಿ ಕೆಲವರಿಗೆ ಕಸಿವಿಸಿಯಾಗುತ್ತದೆ. ಅದಕ್ಕೆ ಕಾರಣವಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿದರು. ಅಲ್ಲಿಯವರೆಗೆ ಆ ಕೆರೆಯಲ್ಲಿ ದನ, ನಾಯಿ ಬಾಯಿ ಹಾಕಬಹುದಿತ್ತು. ನಮ್ಮ ಜನ ಬೊಗಸೆ ಒಡ್ಡುವಂತಿರಲಿಲ್ಲ. ಕನ್ನಡದಲ್ಲಿ ಕೆಟ್ಟ ಬದುಕಿಗೆ ‘ನಾಯಿಪಾಡು’ ಅನ್ನುತ್ತಾರೆ. ನಮ್ಮ ಹಿರಿಯರ ಪಾಡು ಅದಕ್ಕಿಂತಲೂ ಕೆಳಗಿತ್ತು. ಹಾಗಾಗಿ ‘ಮನುಷ್ಯರನ್ನು ಮುಟ್ಟದವರು ನಾಯಿಯನ್ನು ಮುದ್ದಾಡುತ್ತಾರೆ, ಆ ಕಥೆ ನಮಗೇಕೆ?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗಿಗ್ ಹಾರ್ಬರ್ ಎಂಬ ಊರಿದೆ. ಅಲ್ಲಿನ ಮಹಿಳಾ ಜೈಲಿನಲ್ಲಿ 1981ರಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಮುಂದೆ ಅದು ‘ಪ್ರಿಸನ್ ಪೆಟ್ ಪಾರ್ಟ್‌ನರ್‌ಶಿಪ್’ ಎಂಬ ಸೇವಾ ಸಂಸ್ಥೆಯಾಯಿತು. ಮಾಲೀಕರು ಬಿಟ್ಟುಹೋದ, ಆಶ್ರಯತಾಣಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ನಾಯಿಗಳನ್ನು ಜೈಲಿಗೆ ತಂದು ಕೈದಿಗಳ ಕೈಗೆ ಕೊಟ್ಟರು. ಆ ಹೆಂಗಸರು ನಾಯಿಗಳಿಗೆ ತಿಂಗಳುಗಟ್ಟಲೆ ಕಲಿಸಿದರು. ಗಾಲಿಕುರ್ಚಿಯಲ್ಲಿ ಕೂತವರಿಗೆ ಬಾಗಿಲು ತೆರೆಯುವುದು, ಕೆಳಗೆ ಬಿದ್ದ ವಸ್ತು ಎತ್ತಿಕೊಡುವುದು, ದೀಪದ ಸ್ವಿಚ್ಚು ಒತ್ತುವುದು. ಇಂಥ ನಾಯಿ ಒಬ್ಬರ ಮನೆಯಲ್ಲೇ ಇದ್ದು ಅವರಿಗೆ ಕೈಕಾಲಾಗುತ್ತದೆ. ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಹೋಗಿ ನೊಂದವರ ಪಕ್ಕ ಕೂತು ಸಮಾಧಾನ ಕೊಡುವ ನಾಯಿಗಳು ಬೇರೆ. ಎರಡಕ್ಕೂ ಹೊಂದದ ನಾಯಿಗೆ ಒಂದು ಒಳ್ಳೆಯ ಮನೆ ಹುಡುಕುತ್ತಾರೆ.

ಇದನ್ನು ಶುರುಮಾಡಿದವರು ಯಾರು? ಪಾಲಿನ್ ಕ್ವಿನ್ ಎಂಬ ಮಹಿಳೆ. ಆಕೆ ಚಿಕ್ಕಂದಿನಲ್ಲೇ ಮನೆ ಬಿಟ್ಟು ಓಡಿದವರು. ಹಲವು ಸಂಸ್ಥೆಗಳಲ್ಲಿ ಕೂಡಿಹಾಕಿಸಿಕೊಂಡು, ದೌರ್ಜನ್ಯ ಅನುಭವಿಸಿ, ಬೀದಿಯಲ್ಲಿ ಬದುಕಿದವರು. ತಲೆ ಎತ್ತಿ ನಡೆಯುವ ಧೈರ್ಯ ಆಕೆಗೆ ಮೊದಲು ಬಂದದ್ದು ಒಂದು ಜರ್ಮನ್ ಶೆಫರ್ಡ್ ನಾಯಿಯ ಜೊತೆಯಿಂದ. ಮುಂದೆ ಆಕೆ ಕ್ರೈಸ್ತ ಸನ್ಯಾಸಿನಿಯಾದರು, 2020ರಲ್ಲಿ ತೀರಿಕೊಂಡರು. ಅವರ ಜೊತೆ ನಿಂತವರು ಪಶುವೈದ್ಯ ಪ್ರಾಧ್ಯಾಪಕ ಲಿಯೋ ಬುಸ್ಟಾಡ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕು ಮುಳ್ಳುತಂತಿಯ ಹಿಂದೆ ಇದ್ದು ಬಂದವರು ಅವರು. ನೋಡಿ ಬಂಧುಗಳೇ, ಕೂಡಿಹಾಕುವುದು ಮನುಷ್ಯನನ್ನು ಏನು ಮಾಡುತ್ತದೆ ಎಂದು ಇಬ್ಬರಿಗೂ ಸ್ವಂತ ಅನುಭವದಿಂದ ಗೊತ್ತಿತ್ತು.

ಅವರು ಕೈದಿಗಳಿಗೆ ಉಪದೇಶ ಮಾಡಲು ಹೋಗಲಿಲ್ಲ. ‘ನಿನ್ನಿಂದ ಒಬ್ಬರಿಗೆ ಉಪಕಾರ ಆಗಬೇಕಾಗಿದೆ’ ಎಂದು ಒಂದು ಜವಾಬ್ದಾರಿ ಕೊಟ್ಟರು. ಇಲ್ಲಿ ಧಮ್ಮವಿದೆ. ಬೈದರೆ, ಹೊಡೆದರೆ ನಾಯಿ ಹೆದರುತ್ತದೆ, ಕಲಿಯುವುದಿಲ್ಲ. ಹಾಗಾಗಿ ಕಲಿಸುವವಳು ಮೊದಲು ತನ್ನ ಸಿಟ್ಟನ್ನು ಪಳಗಿಸಬೇಕು. ಒಂದೇ ಪಾಠವನ್ನು ನೂರು ಸಲ ತಾಳ್ಮೆಯಿಂದ ಹೇಳಿಕೊಡಬೇಕು. ಕೊನೆಗೆ, ತನ್ನ ಮಗುವಿನಂತೆ ನೋಡಿಕೊಂಡ ಆ ಜೀವವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಖಂತಿ, ದಾನ ಎಂದು ನಾವು ವಿಹಾರದಲ್ಲಿ ಹೇಳುವ ಪಾರಮಿಗಳು ಅಲ್ಲಿ ದಿನದ ಕೆಲಸವೇ ಆಗಿಬಿಡುತ್ತವೆ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಕರುಣೆ ಮತ್ತು ಮೈತ್ರಿಯನ್ನು ಬೇರೆ ಬೇರೆಯಾಗಿ ವಿವರಿಸುತ್ತಾರೆ. ಕರುಣೆ ಮನುಷ್ಯರ ಕಡೆಗಿನ ಪ್ರೀತಿ. ಮೈತ್ರಿ ಅದಕ್ಕೂ ವಿಶಾಲ. ಅದು ಶತ್ರುವನ್ನೂ, ಜೀವವಿರುವ ಎಲ್ಲವನ್ನೂ ಒಳಗೊಳ್ಳುತ್ತದೆ. ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಚವದಾರ ಕೆರೆಯಲ್ಲಿ ತಪ್ಪು ನಾಯಿಯದ್ದಾಗಿರಲಿಲ್ಲ. ಮನುಷ್ಯರನ್ನು ಲೆಕ್ಕದಿಂದ ಹೊರಗಿಟ್ಟವರದ್ದಾಗಿತ್ತು. ಮನುಷ್ಯರನ್ನು ಬಿಟ್ಟು ನಾಯಿಯನ್ನಷ್ಟೇ ಪ್ರೀತಿಸುವುದು ಮೈತ್ರಿಯಾಗದು. ಗಿಗ್ ಹಾರ್ಬರಿನಲ್ಲಿ ನಾಯಿ, ಕೈದಿ, ಅಂಗವಿಕಲರು ಮೂವರೂ ಲೆಕ್ಕಕ್ಕೆ ಬಂದರು. ಒಬ್ಬರನ್ನು ಎತ್ತಲು ಇನ್ನೊಬ್ಬರನ್ನು ಕೆಳಗೆ ತಳ್ಳಲಿಲ್ಲ.

ಅದೇ ಗ್ರಂಥದಲ್ಲಿ ಪತಿತರ ಮತ್ತು ಅಪರಾಧಿಗಳ ಧಮ್ಮದೀಕ್ಷೆಗೆ ಪ್ರತ್ಯೇಕ ಭಾಗವೇ ಇದೆ. ಅಂಗುಲಿಮಾಲನ ಪ್ರಸಂಗ ನಿಮಗೆಲ್ಲ ಗೊತ್ತು. ಪಾಲಿ ಸುತ್ತದಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಭಿಕ್ಖುವಾದ ಅಂಗುಲಿಮಾಲ ಹೆರಿಗೆಯ ನೋವಿನಲ್ಲಿದ್ದ ಹೆಂಗಸನ್ನು ಕಂಡು ಮರುಗುತ್ತಾನೆ. ಭಗವಾನರು ಅವನನ್ನು ಆಕೆಯ ಬಳಿಗೇ ಕಳಿಸುತ್ತಾರೆ. ಇದನ್ನು ಪವಾಡವಾಗಿ ಓದಬೇಕಿಲ್ಲ. ಜೀವ ತೆಗೆದ ಕೈಯನ್ನು ಜೀವ ಉಳಿಯುವ ಕಡೆಗೆ ಕಳಿಸಿದರು ಎಂದು ಓದಿದರೆ ಸಾಕು. ಮಾಡಿದ ಅಪರಾಧ ಇದರಿಂದ ಅಳಿಸಿಹೋಗುವುದಿಲ್ಲ, ನೊಂದವರ ನೋವೂ ಸುಳ್ಳಾಗುವುದಿಲ್ಲ. ಆದರೆ ಮುಂದಿನ ದಾರಿ ತೆರೆಯುತ್ತದೆ.

ನಮ್ಮ ದೇಶದ ಜೈಲುಗಳನ್ನೂ ನೆನೆಯೋಣ. ಅಲ್ಲೂ ಜಾತಿ ನೋಡಿ ಕೆಲಸ ಹಂಚುವ ನಿಯಮಗಳಿದ್ದವು: ಕೆಲವರಿಗೆ ಅಡುಗೆ, ನಮ್ಮವರಿಗೆ ಕಸ ಮತ್ತು ಕಕ್ಕಸು. ಅದು ಸಂವಿಧಾನ ವಿರೋಧಿ ಎಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ತೀರ್ಪು ಕೊಟ್ಟಿತು. ಕೆಲಸವೊಂದು ಮನುಷ್ಯನನ್ನು ತುಳಿಯಬಲ್ಲದು, ಎತ್ತಿ ನಿಲ್ಲಿಸಲೂಬಲ್ಲದು. ‘ನಿನ್ನ ಹುಟ್ಟಿಗೆ ಇದೇ ಕೆಲಸ’ ಎನ್ನುವುದು ತುಳಿಯುವುದು. ‘ಇದು ನಿನ್ನಿಂದ ಆಗುತ್ತದೆ, ಕಲಿ’ ಎನ್ನುವುದು ಎತ್ತುವುದು.

ಬಂಧುಗಳೇ, ನಮ್ಮ ಕೇರಿಯಲ್ಲೂ ಜೈಲಿಂದ ಬಂದವರು, ಕುಡಿತ ಬಿಟ್ಟವರು, ಮನೆಯವರೇ ಕೈಬಿಟ್ಟವರು ಇರುತ್ತಾರೆ. ಹಬ್ಬಕ್ಕೆ ಊಟ ಹಾಕಿ ಕಳಿಸಿದರೆ ಅದು ದಯೆ. ಬುದ್ಧ ಪೂರ್ಣಿಮೆಯ ತಯಾರಿಯಲ್ಲಿ, ಮಕ್ಕಳ ಸಂಜೆ ಪಾಠದಲ್ಲಿ, ವಿಹಾರದ ಗಿಡಗಳ ಆರೈಕೆಯಲ್ಲಿ ಅವರಿಗೊಂದು ನಿಜವಾದ ಹೊಣೆ ಕೊಟ್ಟು ನಂಬಿದರೆ ಅದು ಮೈತ್ರಿ.

ಇಂದಿನ ಅಭ್ಯಾಸ: ನಿಮ್ಮ ಸುತ್ತ ‘ಇವನಿಂದ ಏನಾಗುತ್ತೆ’ ಎಂದು ಎಲ್ಲರೂ ಕೈಬಿಟ್ಟಿರುವ ಒಬ್ಬರನ್ನು ನೆನೆಯಿರಿ. ಅವರಿಗೆ ಯಾವ ಹೊಣೆ ಕೊಡಬಹುದು ಎಂದು ಯೋಚಿಸಿ. ಈ ಭಾನುವಾರ ವಂದನೆಯ ನಂತರ ಅದನ್ನೇ ಚರ್ಚಿಸೋಣ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್.