ಸೌದೆ ಯಾರದ್ದು?

ಚಳಿಗೆ ಮನೆಯೊಳಗೆ ಬೆಂಕಿ ಹಾಕುವ ಊರಲ್ಲ ಕಾರ್ಕಳ. ಇಲ್ಲಿ ಸೌದೆ ಉರಿಯುವುದು ಬಚ್ಚಲಿನ ಹಂಡೆಯ ಕೆಳಗೆ, ಕುಚ್ಚಲಕ್ಕಿ ಗಂಜಿಯ ಕೆಳಗೆ. ‘ನಮ್ಮದೇ ಮರ, ಕಡಿದರೆ ಮತ್ತೆ ಚಿಗುರ್ತದೆ, ಮುಗಿಯುವ ಮಾತೇ ಇಲ್ಲ’ ಅಂತಾರೆ ಜಮೀನಿದ್ದವರು. ಮರದ ಲೆಕ್ಕ ಸರಿಯೇ. ಬೆಳೆದಷ್ಟೇ ಸುಟ್ಟರೆ ಗುಡ್ಡೆ ಬೋಳಾಗದು. ಹೊಗೆಯಾಗಿ ಹೋದ ಇಂಗಾಲವನ್ನು ಹೊಸ ಚಿಗುರು ವರ್ಷಗಟ್ಟಲೆ ಕೂತು ಹಿಂದಕ್ಕೆ ಹೀರುತ್ತದೆ.

ನಾವು ಕೇಳುವುದು ಬೇರೆ ಲೆಕ್ಕ. ಆ ‘ನಮ್ಮದು’ ಯಾರದ್ದು?

ಹಳೆಯ ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಜಾಗ ಕುಮ್ಕಿ. ಅಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ವರ್ಗದಾರನಿಗೆ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಅದನ್ನು ಉಳಿಸಿತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಯೂ ಇಲ್ಲದ ಕೂಲಿಯವರಿಗೆ? ಜಮೀನೇ ಇಲ್ಲದಿದ್ದರೆ ಕುಮ್ಕಿ ಎಲ್ಲಿಂದ ಬರಬೇಕು? ಜಾಗ ಸರಕಾರದ್ದು, ಅಂದರೆ ಎಲ್ಲರದ್ದು. ಆದರೂ ಅದೇ ಒಣಕೊಂಬೆ ಒಬ್ಬನ ಕೈಯಲ್ಲಿ ಸವಲತ್ತು, ಕೂಲಿಯವಳ ತಲೆ ಮೇಲೆ ಕಳವು!

ಇನ್ನು ಕಡಿದವರು, ಹೊತ್ತವರು, ಒಲೆ ಊದಿದವರು? ಮರ ಚಿಗುರ್ತದೆ, ಹೊಗೆ ಕುಡಿದ ಎದೆ ಚಿಗುರ್ತದೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಗೆ ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಉಪಾಯ ಇಲ್ಲದೆ ಅಲ್ಲ, ಊದುವವಳ ಎದೆ ಯಾರ ಲೆಕ್ಕದಲ್ಲೂ ಇಲ್ಲದೆ ನಮ್ಮ ಅಡಿಗೆಮನೆಗಳು ಕಪ್ಪಾಗಿವೆ.

ಸೌದೆ ಬೇಡ ಅನ್ನುವುದಿಲ್ಲ ನಾವು. ಗುಡ್ಡೆಯ ಒಣಸೌದೆಯಲ್ಲಿ ಭೂಮಿಯಿಲ್ಲದವರಿಗೂ ಪಾಲು ಬೇಕು, ಕೇಳಿ ಪಡೆಯುವ ದಾನವಾಗಿ ಅಲ್ಲ, ಹಕ್ಕಾಗಿ. ಅಲ್ಲಿಯ ತನಕ, ಮರ ಉಳಿಸಿ ಮನುಷ್ಯರನ್ನು ಉರಿಸುವ ಬೆಂಕಿಗೆ ‘ಬಾಳಿಕೆ’ ಅನ್ನುವ ಹೆಸರು ಕೊಡಬೇಡಿ.