ಹೊಡೆತ ಯಾರದು?

ಅಮೆರಿಕದ ಸ್ಲೋ-ಪಿಚ್ ಸಾಫ್ಟ್‌ಬಾಲ್‌ನಲ್ಲಿ ವೇಗದ ಎಸೆತಕ್ಕೆ ನಿಯಮವೇ ಅಡ್ಡಿ. 50 ಅಡಿ ದೂರದಿಂದ ಕೈಯನ್ನು ಕೆಳಗಿನಿಂದ ಬೀಸಿ ಎಸೆದ ಚೆಂಡು, ಅನೇಕ ಲೀಗ್‌ಗಳಲ್ಲಿ, ಕನಿಷ್ಠ 6 ಅಡಿ ಎತ್ತರಕ್ಕೇರಿ ಕಮಾನಿನಂತೆ ಬಾಗಿ ಇಳಿಯಬೇಕು. ಅಂಥ ಚೆಂಡು ಬೇಲಿ ದಾಟಿ ಬಿದ್ದರೆ ಆ ಬಲವೆಲ್ಲ ಹೊಡೆದವನದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಭೌತಶಾಸ್ತ್ರವೂ ಮೇಲ್ನೋಟಕ್ಕೆ ಅದನ್ನೇ ಹೇಳುತ್ತದೆ: ಬ್ಯಾಟಿನಿಂದ ಸಿಡಿದ ಚೆಂಡಿನ ವೇಗದಲ್ಲಿ ಎಸೆತದ ಪಾಲಿಗಿಂತ ಬೀಸಿನ ಪಾಲು ಹಲವು ಪಟ್ಟು ಹೆಚ್ಚು. ಆದ್ದರಿಂದಲೇ ‘ನಾನು ಮಾಡಿದೆ’ ಎಂಬ ಮಾತನ್ನು ಒರೆಗೆ ಹಚ್ಚಲು ಈ ಹೊಡೆತ ತಕ್ಕುದಾಗಿದೆ. ಕರ್ತೃವಿನ ಪಾಲು ಇಷ್ಟು ದೊಡ್ಡದಾಗಿರುವಲ್ಲೂ ಫಲ ಅವನೊಬ್ಬನದಲ್ಲ ಎಂದಾದರೆ, ಬದುಕಿನ ಉಳಿದ ಕೆಲಸಗಳಲ್ಲಿ ಆ ಹಕ್ಕು ಸಾಧಿಸುವುದು ಇನ್ನೂ ಕಷ್ಟ.

ಬ್ಯಾಟಿಗೂ ಚೆಂಡಿಗೂ ಇರುವ ಸ್ಪರ್ಶ ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನದು. ಅಷ್ಟರಲ್ಲಿ ಮಿದುಳಿನ ಒಂದು ಆಜ್ಞೆಯೂ ಸ್ನಾಯುವನ್ನು ಮುಟ್ಟುವುದಿಲ್ಲ. ಆ ಕ್ಷಣದಲ್ಲಿ ಹಿಡಿ ಬಿಗಿದು ಬಲ ಸೇರಿಸುತ್ತೇನೆ ಎನ್ನುವುದು ಭ್ರಮೆ. ಬಲ ಹುಟ್ಟುವುದು ಅದಕ್ಕೂ ಮೊದಲು: ಹಿಂಗಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಅದನ್ನು ಹಿಂಬಾಲಿಸುತ್ತದೆ, ಕೈ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಈ ಕ್ರಮ ತಪ್ಪಿ ಕೈ ಅವಸರಪಟ್ಟರೆ, ತೋಳಿನಲ್ಲಿ ಎಷ್ಟೇ ಕಸುವಿದ್ದರೂ ಅದರ ಬಹುಪಾಲು ವ್ಯರ್ಥ. ನಿಧಾನವಾಗಿ ಇಳಿಯುವ ಚೆಂಡು ಆ ಅವಸರವನ್ನೇ ಕೆಣಕುತ್ತದೆ. ಹಾಗಾಗಿ ಕಾಯುವುದೂ ಬಲದ ಒಂದು ಭಾಗ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸಿ, ತಾನೊಬ್ಬನೇ ಕರ್ತೃ ಎಂದುಕೊಳ್ಳುವವನಿಗೆ ಸರಿಯಾದ ತಿಳಿವಿಲ್ಲ ಎನ್ನುತ್ತದೆ. ಈ ಹೊಡೆತದಲ್ಲಿ ಐದೂ ಕಾಣುತ್ತವೆ: ದೇಹ, ಹೊಡೆಯುವವನ ಸಂಕಲ್ಪ, ಬ್ಯಾಟು, ಹಂತಹಂತದ ಚಲನೆ, ಮತ್ತು ಯಾರ ಮಾತನ್ನೂ ಕೇಳದ ಗಾಳಿ. ಫಲ ಹುಟ್ಟುವ ಹೊತ್ತಿಗೆ ಕರ್ತೃವಿನ ಕೆಲಸ ಮುಗಿದಿರುತ್ತದೆ.

ಹಾಗಾದರೆ ಅಭ್ಯಾಸವೇಕೆ, ಫಲ ನನ್ನದಲ್ಲದಿದ್ದರೆ ಬೆವರು ಸುರಿಸುವುದೇಕೆ ಎಂದು ಕೇಳಬಹುದು. ಆದರೆ ಈ ವಾದ ಅಭ್ಯಾಸದ ಬೆಲೆಯನ್ನು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಸ್ಪರ್ಶದ ಕ್ಷಣದಲ್ಲಿ ಏನನ್ನೂ ತಿದ್ದಲಾಗದು. ತಿದ್ದಬಹುದಾದದ್ದೆಲ್ಲ ಅದರ ಹಿಂದಿದೆ. ಹುಟ್ಟಿನಿಂದಲೇ ಎತ್ತರ, ಕಸುವು ಪಡೆದವನು ಹೆಚ್ಚು ದೂರ ಹೊಡೆಯುತ್ತಾನಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದು ನಿಜ, ಮತ್ತು ನನ್ನ ಮಾತಿಗೇ ಪೂರಕ. ಆ ದೇಹ ಅವನು ಸಂಪಾದಿಸಿದ್ದಲ್ಲ, ಅವನಿಗೆ ದಕ್ಕಿದ್ದು. ಹೀಗಾಗಿ ದೂರವನ್ನು ಅಳೆದು ಮನುಷ್ಯನನ್ನು ಅಳೆದೆವೆಂದು ತಿಳಿಯುವುದು ತಪ್ಪು.

ಬ್ಯಾಟನ್ನು ಕದ್ದುಮುಚ್ಚಿ ತಿದ್ದುವ ಚಾಳಿ ಬೆಳೆಯುವುದು ಈ ತಪ್ಪಿನಿಂದಲೇ. ಕಾಂಪೊಸಿಟ್ ಬ್ಯಾಟಿನ ತುದಿಯ ಮುಚ್ಚಳ ಬಿಚ್ಚಿ, ಒಳಗೋಡೆಯನ್ನು ಕೆರೆದು ತೆಳ್ಳಗೆ ಮಾಡಿ, ಮತ್ತೆ ಅಂಟಿಸುತ್ತಾರೆ. ಚೆಂಡು ಹೆಚ್ಚು ರಭಸದಿಂದ ಸಿಡಿಯುತ್ತದೆ, ಎದುರಿನ ಫೀಲ್ಡರ್‌ಗೆ ಕೈ ಎತ್ತಲು ಸಿಗುವ ಸಮಯ ಕಡಿಮೆಯಾಗುತ್ತದೆ. ಯಾವ ಬ್ಯಾಟೂ ಆಟಗಾರನ ಸ್ವಂತ ಸೃಷ್ಟಿಯಲ್ಲವಲ್ಲ, ಇದರಲ್ಲಿ ಹೊಸ ತಪ್ಪೇನು ಎನ್ನುವವರಿದ್ದಾರೆ. ಪರಿಶೀಲಿಸಿ ಒಪ್ಪಿದ ಬ್ಯಾಟು ಎಲ್ಲರೂ ತಿಳಿದು ಹಂಚಿಕೊಂಡ ಕರಣ. ಕೆರೆದ ಬ್ಯಾಟು ಬಚ್ಚಿಟ್ಟ ಸುಳ್ಳು. ಅದು ಫಲವನ್ನು ಉಳಿಸಿಕೊಂಡು ಕರ್ಮವನ್ನು ಕೈಬಿಡುತ್ತದೆ, ಇನ್ನೊಬ್ಬನ ಮುಖವನ್ನು ಅಪಾಯಕ್ಕೊಡ್ಡುತ್ತದೆ. ಇದಕ್ಕೆ ವಿರುದ್ಧವಾದ ವಿವೇಕ ಆಟದ ನಿಯಮದಲ್ಲೇ ಇದೆ: ಅನೇಕ ಲೀಗ್‌ಗಳು ತಂಡವೊಂದರ ಹೋಮ್ ರನ್‌ಗಳಿಗೆ, ಅಂದರೆ ಬೇಲಿ ದಾಟಿದ ಹೊಡೆತಗಳಿಗೆ, ಮಿತಿ ಹಾಕಿವೆ, ಮಿತಿ ಮೀರಿದ ಹೋಮ್ ರನ್ ಎಷ್ಟೋ ಕಡೆ ಔಟ್. ಬಲವಿರುವವನು ಅದನ್ನು ಯಾವಾಗ ಬಳಸಬಾರದೆಂದೂ ಅಲ್ಲಿ ಕಲಿಯಬೇಕಾಗುತ್ತದೆ. ದೂರ ಹೊಡೆಯುವ ಆಸೆಯಲ್ಲಿ ದೋಷವಿಲ್ಲ. ಹೊಡೆದವನು ಹೊಣೆ ಹೊರಬೇಕಾದದ್ದು ತನ್ನ ಸಿದ್ಧತೆ, ತಾಳ್ಮೆ, ಪ್ರಾಮಾಣಿಕತೆಗಳಿಗೆ. ಬೇಲಿಯಾಚೆಗಿನ ದೂರವನ್ನು ಅವನು ಸಂತೋಷದಿಂದ ಸ್ವೀಕರಿಸಬಹುದು, ತನ್ನದೆಂದು ಬೀಗಲಾರ.