ಸದ್ದಿಲ್ಲದಿರುವುದು ಸ್ಥಿರತೆಯೇ?

ಮನೆಯಲ್ಲಿ ಮಾತು ನಿಂತುಹೋಗಿದ್ದರೆ 'ಜಗಳವಿಲ್ಲ' ಎನ್ನುತ್ತೇವೆ. ಬೀದಿ ಮೌನವಾಗಿದ್ದರೆ 'ಶಾಂತಿ ನೆಲೆಸಿದೆ' ಎನ್ನುತ್ತೇವೆ. ಅಲುಗಾಡದಿರುವುದನ್ನೇ ಸ್ಥಿರತೆಯೆಂದು ನಂಬಿ ನೆಮ್ಮದಿ ಪಡುತ್ತೇವೆ. ಈ ನಂಬಿಕೆ ಎಷ್ಟು ಸರಿ? ಒಂದು ನಕ್ಷತ್ರದ ಕಥೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ.

ಗಂಗಾನಗರದಿಂದ ಬಳ್ಳಾರಿ ರಸ್ತೆ ಹಿಡಿದು ಮೇಖ್ರಿ ವೃತ್ತಕ್ಕೆ ಬಂದರೆ, ಹತ್ತಿರದ ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಿದೆ. ಸಿ.ವಿ. ರಾಮನ್ ಅವರ ಪುತ್ರ ವಿ. ರಾಧಾಕೃಷ್ಣನ್ 1972ರಿಂದ 1994ರ ವರೆಗೆ ಅದರ ನಿರ್ದೇಶಕರಾಗಿದ್ದರು. ಅದಕ್ಕೂ ಮುಂಚೆ, 1969ರಲ್ಲಿ, ಅವರು ರಿಚರ್ಡ್ ಮ್ಯಾಂಚೆಸ್ಟರ್ ಜೊತೆ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ 'ವೇಲಾ' ಪಲ್ಸಾರನ್ನು ಗಮನಿಸುತ್ತಿದ್ದರು. ಅದೊಂದು ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯವನ್ನು ಇಪ್ಪತ್ತು ಕಿ.ಮೀ. ಆಸುಪಾಸಿನ ಗೋಳದಲ್ಲಿ ಅಡಗಿಸಿಕೊಂಡು ಸೆಕೆಂಡಿಗೆ ಸುಮಾರು 11 ಬಾರಿ ಸುತ್ತುತ್ತದೆ. ಕ್ರಮಬದ್ಧವಾಗಿ ವೇಗ ಕಳೆದುಕೊಳ್ಳುತ್ತಿದ್ದ ಅದು ಇದ್ದಕ್ಕಿದ್ದಂತೆ, ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು, ವೇಗ ಹೆಚ್ಚಿಸಿಕೊಂಡಿತು!

ಕಾರಣವೇನು? ಈ ನಕ್ಷತ್ರಕ್ಕೆ ಹೊರಗೆ ಗಟ್ಟಿ ಚಿಪ್ಪು. ಒಳಗೆ ಘರ್ಷಣೆಯಿಲ್ಲದೆ ಹರಿಯುವ ನ್ಯೂಟ್ರಾನ್ ದ್ರವ. ಅದರೊಡನೆಯೇ ಪ್ರೋಟಾನ್, ಎಲೆಕ್ಟ್ರಾನ್‌ಗಳ ದ್ರವ. ಚಿಪ್ಪು ನಿಧಾನವಾಗುತ್ತಿದ್ದರೂ ಒಳಗಿನ ನ್ಯೂಟ್ರಾನ್ ದ್ರವ ತನ್ನ ಹಳೆಯ ವೇಗದಲ್ಲೇ ಸುತ್ತುತ್ತಿರುತ್ತದೆ. ಹೊರಗೆ ಏನೂ ಕಾಣದು. ಒಳಗೆ ಅಂತರ ಬೆಳೆಯುತ್ತಿರುತ್ತದೆ. ಅಂತರ ಮಿತಿ ಮೀರಿದಾಗ ಸಣ್ಣದೊಂದು ಅಲೆಯೇ ತಾನಾಗಿ ಬೆಳೆದು ಸ್ಫೋಟಕ್ಕೆ ಕಿಡಿಯಾದಂತೆ ಆಗಬಹುದೆಂಬ ವಾದವೂ ಇದೆ. ಕೊನೆಗೊಮ್ಮೆ ದ್ರವವು ತನ್ನ ಸುತ್ತುವಿಕೆಯ ಒಂದಂಶವನ್ನು ಚಿಪ್ಪಿಗೆ ದಾಟಿಸುತ್ತದೆ. ನಕ್ಷತ್ರ ಬೆಚ್ಚುತ್ತದೆ, ಆದರೆ ಒಡೆಯುವುದಿಲ್ಲ. ದಿನಗಳು, ತಿಂಗಳುಗಳು ಕಳೆದಂತೆ ಮತ್ತೆ ಹದಕ್ಕೆ ಬರುತ್ತದೆ. ವೇಲಾ ಆ ಬಳಿಕವೂ ಹಲವು ಬಾರಿ ಹೀಗೆ ಬೆಚ್ಚಿದೆ.

ವಿಜ್ಞಾನಿಗಳು ಸ್ಥಿರತೆಯನ್ನು ಅಳೆಯುವ ಬಗೆಯೇ ಬೇರೆ. ವಸ್ತುವನ್ನು ತುಸು ತಳ್ಳಿ ನೋಡುತ್ತಾರೆ. ಕಂಪನ ಕ್ರಮೇಣ ತಗ್ಗಿದರೆ ಸ್ಥಿರ, ಬೆಳೆಯುತ್ತಲೇ ಹೋದರೆ ಅಸ್ಥಿರ. ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ 1970ರಲ್ಲಿ ಕಪ್ಪುಕುಳಿಯನ್ನೂ ಗಣಿತದ ಮೂಲಕ ಈ ಪರೀಕ್ಷೆಗೆ ಒಡ್ಡಿದರು. ಅಂದರೆ ನಡುಗದಿರುವುದು ಸ್ಥಿರತೆಯ ಗುರುತಲ್ಲ. ನಡುಗಿದ ಮೇಲೆ ಸಾವರಿಸಿಕೊಳ್ಳುವುದು ಅದರ ಗುರುತು.

ಕುಟುಂಬವಾಗಲಿ, ಊರಾಗಲಿ, ಹಲವು ಹರಿವುಗಳು ಕೂಡಿಯೇ ಆದದ್ದು. ಎಲ್ಲವೂ ಒಂದೇ ವೇಗದಲ್ಲಿ ಸಾಗಬೇಕೆಂಬುದು ಸಲ್ಲದ ಹಟ. ಆದರೆ ಒಬ್ಬರ ಒಳಗಿನ ತಳಮಳ ಇನ್ನೊಬ್ಬರಿಗೆ ತಲುಪದೇ ಹೋದರೆ ಅಂತರ ಗುಟ್ಟಾಗಿ ಬೆಳೆಯುತ್ತದೆ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ನಕ್ಷತ್ರಕ್ಕೆ ನೋವಿಲ್ಲ, ಹೊಣೆಯೂ ಇಲ್ಲ. ಅದು ಬೆಚ್ಚಿದರೆ ಯಾರ ಮನೆಯೂ ಉರಿಯುವುದಿಲ್ಲ. ನಮ್ಮಲ್ಲಿ ಹಾಗಲ್ಲ, ಪ್ರತಿ ಆಘಾತವನ್ನೂ ಯಾರೋ ಒಬ್ಬರು, ಹೆಚ್ಚಾಗಿ ದುರ್ಬಲರೇ, ಹೊರಬೇಕಾಗುತ್ತದೆ. ನಕ್ಷತ್ರ ಮಿತಿ ಮೀರುವ ತನಕ ಕಾಯಲೇಬೇಕು. ನಾವು ಕಾಯಬೇಕಿಲ್ಲ, ಕೇಳಬಲ್ಲೆವು. ಆದ್ದರಿಂದ ಇನ್ನು ಮುಂದೆ 'ಎಲ್ಲ ಶಾಂತವಾಗಿದೆ' ಎನ್ನುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳೋಣ: ಸುಮ್ಮನಿರುವವರು ಯಾರು, ಮತ್ತು ಏಕೆ?